ಷೆಂಗೆನ್ ಗಡಿಯ ಕಡತದಿಂದ ಒಂದು ಹೆಸರನ್ನು ತೆಗೆಸಿದ ಬಗೆ: ನನ್ನ ಅನುಭವ

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ವಲಸೆ ಕಾನೂನಿನ ವಕೀಲರ ಕಚೇರಿಯೊಂದರಲ್ಲಿ ವೈಯಕ್ತಿಕ ದತ್ತಾಂಶಕ್ಕೆ ಸಂಬಂಧಿಸಿದ ಅರ್ಜಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗಡಿ ಪೊಲೀಸರ ಕಡತದಲ್ಲಿ ತಮ್ಮ ಬಗ್ಗೆ ಏನಿದೆ ಎಂದು ತಿಳಿಯಲು, ತಪ್ಪಿದ್ದರೆ ತಿದ್ದಿಸಲು, ಇರಬಾರದ್ದು ಇದ್ದರೆ ಅಳಿಸಲು ಬಯಸುವವರ ಪರವಾಗಿ ನಾನು ಅರ್ಜಿ ಬರೆಯುತ್ತೇನೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಇಂಥ ಹಕ್ಕೆಲ್ಲ ಯುರೋಪಿನ ಪ್ರಜೆಗಳಿಗೆ ಮಾತ್ರ, ವೀಸಾ ಪಡೆದು ಬರುವ ನಮಗೆ ಅಧಿಕಾರಿಗಳ ದಯೆಯೇ ಗತಿ ಎಂಬ ನಂಬಿಕೆ ನಮ್ಮವರಲ್ಲಿ ಎಷ್ಟು ಬೇರೂರಿದೆಯೆಂದರೆ, ಹಲವರು ಅರ್ಜಿ ಹಾಕುವ ಯೋಚನೆಯನ್ನೇ ಮಾಡುವುದಿಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಕಡತದಲ್ಲಿ ಯಾರ ಹೆಸರಿದೆಯೋ ಅವರಿಗೆಲ್ಲ ಈ ಹಕ್ಕು ಇದೆ. ಅವರು ಹಾಸನದಲ್ಲಿ ಕುಳಿತಿದ್ದರೂ ಇದೆ.

ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಕೂಟಕ್ಕೆ ಷೆಂಗೆನ್ ಎಂದು ಹೆಸರು. ನಾನು ಹೇಳುತ್ತಿರುವ ಕಡತ ಆ ದೇಶಗಳು ಹಂಚಿಕೊಳ್ಳುವ ಷೆಂಗೆನ್ ಮಾಹಿತಿ ವ್ಯವಸ್ಥೆ, ಅಂದರೆ ಎಸ್‌ಐಎಸ್. 1995ರಲ್ಲಿ ಆರಂಭವಾಗಿ, 2013ರಲ್ಲಿ ಎರಡನೆಯ ಪೀಳಿಗೆಗೆ ಬದಲಾಗಿ, 2023ರ ಮಾರ್ಚ್ 7ರಿಂದ ಇನ್ನಷ್ಟು ವಿಸ್ತಾರಗೊಂಡ ಈ ವ್ಯವಸ್ಥೆಯಲ್ಲಿ ಒಂದು ದೇಶ ದಾಖಲಿಸಿದ ಅಲರ್ಟ್, ಅಂದರೆ ಎಚ್ಚರಿಕೆಯ ಸೂಚನೆ, ಉಳಿದ ದೇಶಗಳ ಗಡಿ ಕೌಂಟರ್‌ಗಳಲ್ಲೂ ದೂತಾವಾಸಗಳಲ್ಲೂ ಕಾಣುತ್ತದೆ. ಕಳುವಾದ ವಾಹನದಿಂದ ಹಿಡಿದು ಕಾಣೆಯಾದ ಮಗುವಿನವರೆಗೆ ಹಲವು ಬಗೆಯ ಅಲರ್ಟ್‌ಗಳಿದ್ದರೂ ನಮ್ಮವರಿಗೆ ಹೆಚ್ಚಾಗಿ ತಗಲುವುದು ಪ್ರವೇಶ ನಿರಾಕರಣೆಯ ಅಲರ್ಟ್. ಅದರ ನಿಯಮಗಳು 2018ರ 1861ನೇ ಸಂಖ್ಯೆಯ ಯುರೋಪಿಯನ್ ನಿಯಂತ್ರಣದಲ್ಲಿ, ಅಂದರೆ ರೆಗ್ಯುಲೇಷನ್ ಎಂಬ ಬಗೆಯ ಯುರೋಪಿಯನ್ ಕಾನೂನಿನಲ್ಲಿ, ಇವೆ.

ನಾನು ಕೈಗೆತ್ತಿಕೊಂಡ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಾಸನ ಜಿಲ್ಲೆಯ ಒಬ್ಬ ಇಂಜಿನಿಯರ್ ಕೆಲವು ವರ್ಷಗಳ ಹಿಂದೆ ಒಂದು ಷೆಂಗೆನ್ ದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಿ, ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳಿದ್ದರು. ಮುಂದೆ ಬೆಂಗಳೂರಿನ ಕಂಪನಿಯೊಂದು ಅವರನ್ನು ಜರ್ಮನಿಗೆ ಕೆಲಸದ ನಿಮಿತ್ತ ಕಳುಹಿಸಲು ಹೊರಟಾಗ ವೀಸಾ ತಿರಸ್ಕೃತವಾಯಿತು. ತಿರಸ್ಕಾರದ ಮುದ್ರಿತ ನಮೂನೆಯಲ್ಲಿ ಎಸ್‌ಐಎಸ್ ಅಲರ್ಟ್‌ನ ಸಾಲಿಗೆ ಗುರುತು ಬಿದ್ದಿತ್ತು. ಅಲರ್ಟ್ ಹಾಕಿದ ದೇಶದ ಹೆಸರೂ ಅಲ್ಲೇ ಇತ್ತು. ಅವರು ನನ್ನನ್ನು ಸಂಪರ್ಕಿಸಿದಾಗ ಜರ್ಮನ್ ದೂತಾವಾಸದ ವಿರುದ್ಧ ಮೇಲ್ಮನವಿ ಹಾಕುವ ತಯಾರಿಯಲ್ಲಿದ್ದರು. ಬೇಡವೆಂದೆ. ಅಲರ್ಟನ್ನು ಬದಲಿಸುವ ಅಥವಾ ಅಳಿಸುವ ಅಧಿಕಾರ ಅದನ್ನು ದಾಖಲಿಸಿದ ದೇಶಕ್ಕೆ ಮಾತ್ರ ಇದೆ. ದೂತಾವಾಸ ಅದನ್ನು ಓದಿ ಅದರಂತೆ ನಡೆಯುತ್ತದೆ, ಅಷ್ಟೇ. ಯಾರ ಮಾಹಿತಿ, ಯಾರ ನಿರ್ಧಾರ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಹಾಕಿದ ಮೇಲ್ಮನವಿಗಳು ತಿಂಗಳುಗಟ್ಟಲೆ ತಿಂದು ಬರಿಗೈಯಲ್ಲಿ ಮುಗಿಯುವುದನ್ನು ನಾನು ನೋಡಿದ್ದೇನೆ.

ಮಾಹಿತಿ ಕೇಳುವ ಅರ್ಜಿಯನ್ನು ಷೆಂಗೆನ್ ವ್ಯವಸ್ಥೆಯಲ್ಲಿರುವ ಯಾವ ದೇಶಕ್ಕಾದರೂ ಸಲ್ಲಿಸಬಹುದು. ಜರ್ಮನಿಯಲ್ಲಿ ಅದು ವೀಸ್‌ಬಾಡೆನ್ ನಗರದ ಫೆಡರಲ್ ಅಪರಾಧ ಪೊಲೀಸ್ ಕಚೇರಿಗೆ, ಅಂದರೆ ಬಿಕೆಎಗೆ ಹೋಗಬೇಕು. ಶುಲ್ಕವಿಲ್ಲ. ಸಹಿ ಮಾಡಿದ ಪತ್ರ, ಪಾಸ್‌ಪೋರ್ಟಿನ ಪ್ರತಿ, ಬೇರೆಯವರ ಪರವಾಗಿ ಬರೆಯುವುದಾದರೆ ವಕಾಲತ್ತು ಇದ್ದರೆ ಸಾಕು. ಅಲರ್ಟ್ ಬೇರೆ ದೇಶದ್ದಾಗಿದ್ದರೆ ಉತ್ತರಿಸುವ ಮುನ್ನ ಆ ದೇಶದ ಅಭಿಪ್ರಾಯ ಕೇಳಬೇಕಾಗುವುದರಿಂದ ಸಮಯ ಹಿಡಿಯುತ್ತದೆ. ಉತ್ತರಕ್ಕಿರುವ ಒಂದು ತಿಂಗಳ ಅವಧಿಯನ್ನು ಕಾರಣ ತಿಳಿಸಿ ಇನ್ನೆರಡು ತಿಂಗಳು ವಿಸ್ತರಿಸಲು ಅವಕಾಶವಿದೆ. ಈ ಕಾರಣಕ್ಕೆ ನಾನು ಬಿಕೆಎಗೂ ಅಲರ್ಟ್ ಹಾಕಿದ ದೇಶಕ್ಕೂ ಒಟ್ಟಿಗೇ ಬರೆದೆ.

ಪತ್ರದಲ್ಲಿ “ನನ್ನ ಬಗ್ಗೆ ಏನಿದೆ ತಿಳಿಸಿ” ಎಂದಷ್ಟೇ ಬರೆದರೆ ಒಂದೆರಡು ಸಾಲಿನ ಉತ್ತರ ಬಂದೀತು. ಆದ್ದರಿಂದ ಅಲರ್ಟ್ ಯಾವ ನಿಯಂತ್ರಣದ ಯಾವ ವಿಧಿಯಡಿ ದಾಖಲಾಗಿದೆ, ಯಾವ ಅಧಿಕಾರಿ ವರ್ಗ ದಾಖಲಿಸಿದೆ, ಯಾವ ದಿನ ದಾಖಲಾಯಿತು, ಮರುಪರಿಶೀಲನೆಯ ದಿನ ಯಾವುದು, ಅದರ ಹಿಂದಿರುವ ಆಡಳಿತಾತ್ಮಕ ಅಥವಾ ನ್ಯಾಯಾಲಯದ ನಿರ್ಧಾರದ ಕ್ರಮಾಂಕವೇನು, ಜೊತೆಗೆ ಭಾವಚಿತ್ರ ಮತ್ತು ಬೆರಳಚ್ಚು ಸೇರಿವೆಯೇ ಎಂದು ಒಂದೊಂದನ್ನೂ ಬಿಡಿಯಾಗಿ ಕೇಳಿದೆ. ಇವುಗಳಲ್ಲಿ ನಿರ್ಧಾರದ ಕ್ರಮಾಂಕವೇ ಮುಖ್ಯ. ಅಲರ್ಟ್ ಒಂದು ನಿರ್ಧಾರದ ನೆರಳು. ನಿರ್ಧಾರ ನಿಂತಿರುವಾಗ ನೆರಳನ್ನು ಮಾತ್ರ ಒರೆಸಲಾಗದು.

ಉತ್ತರ ಬಂದಾಗ ವಿಷಯ ಬಿಚ್ಚಿಕೊಂಡಿತು. ವಿಶ್ವವಿದ್ಯಾಲಯ ಅವರ ನೋಂದಣಿ ರದ್ದಾದುದನ್ನು ವಲಸೆ ಕಚೇರಿಗೆ ತಿಳಿಸಿತ್ತು. ಕಚೇರಿಯವರು ನಿವಾಸ ಪರವಾನಗಿ ಹಿಂಪಡೆದು, ದೇಶ ಬಿಟ್ಟು ಹೋಗಬೇಕೆಂಬ ಆದೇಶವನ್ನು ಹಳೆಯ ಹಾಸ್ಟೆಲ್ ವಿಳಾಸಕ್ಕೆ ಕಳುಹಿಸಿ, ಅವಧಿ ಮುಗಿದ ಮೇಲೆ ಪ್ರವೇಶ ನಿಷೇಧ ಹೇರಿದ್ದರು. ಆ ಆದೇಶ ಹೊರಡುವ ಹೊತ್ತಿಗೆ ಈ ಯುವಕರು ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿ ಸಂಬಳ ತೆಗೆದುಕೊಳ್ಳುತ್ತಿದ್ದರು.

ಇಲ್ಲಿಂದ ಎರಡು ದಾರಿಗಳನ್ನು ಒಟ್ಟಿಗೆ ಹಿಡಿಯಬೇಕಾಯಿತು. ಒಂದು, ಆ ದೇಶದ ವಲಸೆ ಕಾನೂನಿನಡಿ ಮೂಲ ಆದೇಶವನ್ನು ಪ್ರಶ್ನಿಸುವುದು. ಅದನ್ನು ಅಲ್ಲಿನ ವಕೀಲರು ಮಾಡಿದರು. ಇನ್ನೊಂದು, ಮೇಲೆ ಹೇಳಿದ ಎಸ್‌ಐಎಸ್ ನಿಯಂತ್ರಣದ 53ನೇ ವಿಧಿಯಡಿ ದತ್ತಾಂಶ ಅಳಿಸುವಂತೆ ಕೇಳುವುದು. ಅದನ್ನು ನಾನು ಮಾಡಿದೆ. ಮೇಲ್ಮನವಿಯ ಗಡುವು ಮೀರಿದೆ ಎಂದು ವಲಸೆ ಕಚೇರಿ ಮೊದಲು ತಳ್ಳಿಹಾಕಿತು. ದೇಶದೊಳಗೆ ಅಕ್ರಮವಾಗಿ ತಂಗಿರುವವರ ವಿರುದ್ಧ ಮಾತ್ರ ನಿರ್ಗಮನದ ಆದೇಶ ಹೊರಡಿಸಬಹುದು ಎಂದು 2008ರ ಯುರೋಪಿಯನ್ ನಿರ್ದೇಶನ ಸ್ಪಷ್ಟವಾಗಿ ಹೇಳುವಾಗ, ಆ ದಿನ ದೇಶದಲ್ಲೇ ಇಲ್ಲದವರ ಮೇಲೆ ಅಂಥ ಆದೇಶ ಹೇಗೆ ನಿಲ್ಲುತ್ತದೆ ಎಂಬುದೇ ನಮ್ಮ ವಾದದ ತಿರುಳಾಗಿತ್ತು.

ವಾದಕ್ಕಿಂತ ಹೆಚ್ಚು ಶ್ರಮ ಹಿಡಿದದ್ದು ಪುರಾವೆ. ನಿವಾಸ ಪರವಾನಗಿ ಇರುವವರ ಪಾಸ್‌ಪೋರ್ಟಿಗೆ ಷೆಂಗೆನ್ ಗಡಿಯಲ್ಲಿ ಸಾಮಾನ್ಯವಾಗಿ ಸೀಲು ಹಾಕುವುದಿಲ್ಲ. ಹಾಗಾಗಿ ಅವರು ಹೊರಟುಹೋದ ಗುರುತು ಯುರೋಪಿನ ಕಡೆ ಎಲ್ಲಿಯೂ ಇರಲಿಲ್ಲ. ಪಾಸ್‌ಪೋರ್ಟಿನ ಪುಟಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಕಳುಹಿಸಲು ಹೇಳಿದೆ. ಕೊನೆಯ ಪುಟಗಳಲ್ಲೊಂದರ ಅಂಚಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಇಮಿಗ್ರೇಷನ್‌ನವರು ಆಗಮನಕ್ಕೆ ಒತ್ತಿದ ಸೀಲು, ಶಾಯಿ ಒಂದು ಬದಿಗೆ ಹರಡಿದ್ದರೂ ದಿನಾಂಕ ಓದುವಂತೆ, ಉಳಿದಿತ್ತು. ಅದರೊಂದಿಗೆ ವಿಮಾನ ಸಂಸ್ಥೆಯ ಇಮೇಲ್‌ನಲ್ಲಿದ್ದ ಟಿಕೆಟ್, ಹೊಸ ಕಂಪನಿಯ ನೇಮಕಾತಿ ಪತ್ರ, ಮೊದಲ ತಿಂಗಳುಗಳ ಸಂಬಳದ ಚೀಟಿ, ಭವಿಷ್ಯ ನಿಧಿಯ ಪಾಸ್‌ಬುಕ್ ಸೇರಿಸಿದೆ. ಸೀಲಿನ ಕೊರತೆಯಿದ್ದಾಗ ಪ್ರಯಾಣದ ಟಿಕೆಟ್ಟು ಮತ್ತು ವಲಯದ ಹೊರಗೆ ಇದ್ದುದಕ್ಕೆ ಪುರಾವೆ ಇವೆರಡನ್ನೂ ಷೆಂಗೆನ್ ಗಡಿ ಸಂಹಿತೆಯೇ ಹೆಸರಿಸುತ್ತದೆ ಎಂಬುದನ್ನು ಪತ್ರದಲ್ಲಿ ಎತ್ತಿ ತೋರಿಸಿದೆ. ಇದೇ ಕಟ್ಟನ್ನು ಬಿಕೆಎಗೂ ಕಳುಹಿಸಿದ್ದಕ್ಕೆ ಕಾರಣವಿದೆ. ಬೇರೆ ದೇಶದ ಅಲರ್ಟ್‌ನಲ್ಲಿ ಮಾಹಿತಿ ತಪ್ಪಾಗಿದೆ ಎಂದು ಸೂಚಿಸುವ ಪುರಾವೆ ಒಂದು ದೇಶದ ಕೈಗೆ ಸಿಕ್ಕರೆ, ಎರಡು ಕೆಲಸದ ದಿನಗಳೊಳಗೆ ಅದನ್ನು ಮೂಲ ದೇಶಕ್ಕೆ ಮುಟ್ಟಿಸುವ ಕರ್ತವ್ಯ ಆ ದೇಶಕ್ಕಿದೆ. ಹೊರಗಿನವರ ಪತ್ರಕ್ಕಿಂತ ಪೊಲೀಸರಿಂದ ಪೊಲೀಸರಿಗೆ ಹೋಗುವ ಸೂಚನೆಗೆ ಬೇಗ ಉತ್ತರ ಬರುತ್ತದೆ ಎಂಬುದು ನನ್ನ ಅನುಭವ. ಕೊನೆಗೆ ಪ್ರವೇಶ ನಿಷೇಧ ರದ್ದಾಯಿತು, ಅಲರ್ಟ್ ಅಳಿಸಲಾಗಿದೆ ಎಂದು ಲಿಖಿತವಾಗಿ ತಿಳಿಸಿದರು.

ಇನ್ನೊಂದು ಬಗೆಯ ಪ್ರಕರಣ ನಮ್ಮ ನಾಡಿಗೆ ವಿಶೇಷವಾಗಿ ಅಂಟಿಕೊಂಡದ್ದು. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಜನ್ಮದಿನ ಕರ್ನಾಟಕದ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಇಂದಿಗೂ ಇದೆ. ಮಂಜುನಾಥ, ರವಿಕುಮಾರದಂಥ ಹೆಸರಿಗೆ ಮನೆತನದ ಹೆಸರಿನ ಜಾಗದಲ್ಲಿ ತಂದೆಯ ಹೆಸರೋ ಒಂದೆರಡು ಇನಿಷಿಯಲ್ಲೋ ಸೇರಿದರೆ, ಅದೇ ಹೆಸರು ಅದೇ ಜನ್ಮದಿನದ ಇನ್ನೊಬ್ಬರು ಇರುವುದು ಅಪರೂಪವಲ್ಲ. ಅಂಥವರೊಬ್ಬರನ್ನು ಪ್ರತಿ ಬಾರಿಯೂ ಕೌಂಟರ್‌ನಿಂದ ಪಕ್ಕದ ಕೋಣೆಗೆ ಕರೆದೊಯ್ದು ಬಹಳ ಹೊತ್ತಿನ ನಂತರ ಬಿಡುತ್ತಿದ್ದರು. ಅವರ ಹೆಸರಿನಲ್ಲಿ ಅಲರ್ಟ್ ಇಲ್ಲವೆಂಬ ಉತ್ತರ ಪಡೆದ ಮೇಲೆ, ಒಂದೇ ಬಗೆಯ ವಿವರಗಳಿರುವ ಇಬ್ಬರನ್ನು ಬೇರ್ಪಡಿಸಲು ನಿಯಂತ್ರಣದಲ್ಲಿಯೇ ಇರುವ ಕ್ರಮವನ್ನು ಅನುಸರಿಸಬೇಕೆಂದು ಕೇಳಿದೆ. 2018ರಿಂದ ಎಸ್‌ಐಎಸ್‌ನಲ್ಲಿ ಬೆರಳಚ್ಚಿನಿಂದಲೇ ಹುಡುಕುವ ಸೌಲಭ್ಯ ಇರುವುದರಿಂದ, ಹೆಸರು ಹೊಂದಿದ ಮಾತ್ರಕ್ಕೆ ಒಬ್ಬ ಪ್ರಯಾಣಿಕರನ್ನು ಮತ್ತೆ ಮತ್ತೆ ಕೂರಿಸುವುದನ್ನು ನಾನು ಒಪ್ಪಲಾರೆ.

ಆ ಪಕ್ಕದ ಕೋಣೆಗೆ ಹೋದವರಿಗೂ ಹಕ್ಕುಗಳಿವೆ. ತಪಾಸಣೆಯ ಉದ್ದೇಶ ಮತ್ತು ವಿಧಾನವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು. ಅಧಿಕಾರಿಯ ಹೆಸರು ಅಥವಾ ಸೇವಾ ಸಂಖ್ಯೆಯನ್ನು ಕೇಳಬಹುದು. ಪ್ರವೇಶ ನಿರಾಕರಿಸಿದರೆ ಕಾರಣ ಗುರುತಿಸಿದ ನಮೂನೆ ಕೊಡಲೇಬೇಕು, ಮೇಲ್ಮನವಿಯ ಹಕ್ಕೂ ಇದೆ. ಆ ನಮೂನೆಯ ಫೋಟೊ ಇಲ್ಲದೆ ಬಂದವರ ಪ್ರಕರಣವನ್ನು ಕಟ್ಟುವುದು ಬಹಳ ಕಷ್ಟ.

ಎಲ್ಲ ಅರ್ಜಿಗೂ ನೇರ ಉತ್ತರ ಸಿಗುವುದಿಲ್ಲ. ಅಪರಾಧ ತನಿಖೆಗೆ ಅಥವಾ ರಾಷ್ಟ್ರೀಯ ಭದ್ರತೆಗೆ ಧಕ್ಕೆಯಾಗುವುದಾದರೆ ಮಾಹಿತಿ ತಡೆಹಿಡಿಯಬಹುದು. ಆಗ ಜರ್ಮನಿಯಲ್ಲಿ ಬಾನ್ ನಗರದಲ್ಲಿರುವ ಫೆಡರಲ್ ದತ್ತಾಂಶ ಸಂರಕ್ಷಣಾ ಆಯುಕ್ತರ ಮೂಲಕ ಪರಿಶೀಲನೆ ಕೇಳುತ್ತೇನೆ. ಅವರು ಕಡತವನ್ನು ತಾವೇ ನೋಡಿ ನಮಗೆ ತಿಳಿಸುವುದು ಸ್ವಲ್ಪವೇ ಆದರೂ, ಸ್ವತಂತ್ರವಾದ ಒಂದು ಕಣ್ಣು ಅದರ ಮೇಲೆ ಬಿದ್ದಿರುತ್ತದೆ. ನ್ಯಾಯಾಲಯದ ದಾರಿಯೂ ಇದೆ. ಜರ್ಮನಿ ಹಾಕಿದ್ದ ಅಲರ್ಟನ್ನು ಮಾತ್ರ ನೋಡಿ, ಯುರೋಪಿಯನ್ ಪ್ರಜೆಗಳ ಸಂಗಾತಿಗಳಾದ ಇಬ್ಬರು ಅಲ್ಜೀರಿಯನ್ನರನ್ನು ಸ್ಪೇನ್ ತಡೆದದ್ದು ತಪ್ಪೆಂದು 2006ರ ಜನವರಿ 31ರಂದು ಯುರೋಪಿಯನ್ ನ್ಯಾಯಾಲಯ ಹೇಳಿತು. ಆ ತೀರ್ಪನ್ನು ನಾನು ಇಂದಿಗೂ ಪತ್ರಗಳಲ್ಲಿ ಉಲ್ಲೇಖಿಸುತ್ತೇನೆ.

ಭಾರತದ ವಿಮಾನ ನಿಲ್ದಾಣದಲ್ಲಿ ಲುಕ್‌ಔಟ್ ಸುತ್ತೋಲೆಯಿಂದ, ಅಂದರೆ ಒಬ್ಬರನ್ನು ಗಡಿಯಲ್ಲಿ ಗಮನಿಸಿ ತಡೆಯಲು ಇಮಿಗ್ರೇಷನ್‌ನವರಿಗೆ ಹೋಗುವ ಸೂಚನೆಯಿಂದ, ತಡೆಯಲ್ಪಟ್ಟವರು ಇದೇ ಬಗೆಯ ಅರ್ಜಿ ಹಾಕಬಹುದೇ ಎಂದು ಕೇಳುವುದುಂಟು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆದರೂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಅಪರಾಧ ತಡೆ ಮತ್ತು ತನಿಖೆಗಾಗಿ ನಡೆಯುವ ದತ್ತಾಂಶದ ಬಳಕೆಯನ್ನು ಮಾಹಿತಿ ಕೇಳುವ, ತಿದ್ದಿಸುವ, ಅಳಿಸುವ ಹಕ್ಕುಗಳಿಂದ ಹೊರಗಿಟ್ಟಿದೆ. ಅಲ್ಲಿ ಹೈಕೋರ್ಟಿನ ರಿಟ್ ಅರ್ಜಿಯೇ ನಂಬಿಕೆಯ ದಾರಿ. ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹಂತ ಹಂತವಾಗಿ ಬಂದ ಪ್ರವೇಶ–ನಿರ್ಗಮನ ವ್ಯವಸ್ಥೆಯಲ್ಲಿ, ಅಲ್ಪಾವಧಿಗೆ ಬರುವವರ ಪಾಸ್‌ಪೋರ್ಟಿನ ಸೀಲಿನ ಬದಲಿಗೆ ಕಂಪ್ಯೂಟರ್ ದಾಖಲೆ ಇರುತ್ತದೆ. ಅದು ಸಾಮಾನ್ಯವಾಗಿ ಮೂರು ವರ್ಷ, ನಿರ್ಗಮನ ದಾಖಲಾಗದಿದ್ದರೆ ಐದು ವರ್ಷ ಉಳಿಯುತ್ತದೆ. ಅದನ್ನೂ ಕೇಳಿ ಪಡೆಯುವ, ತಿದ್ದಿಸುವ ಹಕ್ಕಿದೆ. ನಿವಾಸ ಪರವಾನಗಿ ಇರುವವರು ಆ ವ್ಯವಸ್ಥೆಗೆ ಒಳಪಡುವುದಿಲ್ಲವಾದ್ದರಿಂದ ಅವರ ನಿರ್ಗಮನ ಮುಂದೆಯೂ ಅಲ್ಲಿ ದಾಖಲಾಗದು. ಓದು ಮುಗಿಸಿ ಅಥವಾ ಬಿಟ್ಟು ಊರಿಗೆ ಹೊರಡುವ ವಿದ್ಯಾರ್ಥಿಗಳು ನಗರ ಕಚೇರಿಯಲ್ಲಿ ವಿಳಾಸ ರದ್ದುಪಡಿಸಿದ ಪತ್ರ, ಬೋರ್ಡಿಂಗ್ ಪಾಸ್, ಹಳೆಯ ಪಾಸ್‌ಪೋರ್ಟ್ ಈ ಮೂರನ್ನೂ ಕನಿಷ್ಠ ಐದು ವರ್ಷ ಇಟ್ಟುಕೊಳ್ಳಲಿ, ಹೊರಡುವ ಮುನ್ನ ವಲಸೆ ಕಚೇರಿಗೆ ಭಾರತದ ವಿಳಾಸವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ.