ಎದೆ ಡವಡವ ಅಂತ ಬಂದವರಿಗೆ ನಾನು ಕೇಳುವ ಪ್ರಶ್ನೆ

ನಮ್ಮ ಅಂಕೋಲಾ, ಕುಮಟಾ ಕಡೆ ಯಾರೂ ಮನಸ್ಸಿಗೆ ಪೆಟ್ಟಾಗಿದೆ ಅಂತ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಬರುವುದಿಲ್ಲ. ಬರುವುದು ಗ್ಯಾಸ್, ಎದೆ ಡವಡವ, ಕೈಕಾಲು ಜೋಮು, ತಲೆಬೇನೆ ಅಂತ. ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡುತ್ತೇನೆ, ಅದನ್ನು ಬಿಡುವ ಹಾಗಿಲ್ಲ. ಎಲ್ಲ ಸರಿ ಇದ್ದೂ ಅದೇ ಕಾಯಿಲೆ ಹೇಳಿಕೊಂಡು ಮತ್ತೆ ಬಂದರೆ ಕೇಳುತ್ತೇನೆ: "ಇದು ಶುರುವಾಗೋ ಮೊದಲು ಏನಾದ್ರೂ ಆಗಿತ್ತಾ ಅಕ್ಕಾ? ಜೀವವೇ ಹೋಯ್ತು ಅನ್ನುವಂಥದ್ದು?"

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಬಿತ್ತು, ಆಚೆ ದಡದ ಉಳುವರೆ ಊರಿಗೂ ನೀರು ನುಗ್ಗಿತು. ಹಾಗಾಗಿ ಈ ಕಡೆಯವರನ್ನು ಈ ಪ್ರಶ್ನೆ ಕೇಳಿದರೆ ಮೊದಲು ಗುಡ್ಡದ ಮಾತೇ ತೆಗೆಯುತ್ತಾರೆ. ಆದರೆ ಬೈಕ್ ಅಪಘಾತ, ದೋಣಿ ಮಗುಚಿದ್ದು, ಸಾವಿನ ಬಾಗಿಲಿಗೆ ಹೋಗಿ ಬಂದ ಹೆರಿಗೆ, ಇವೂ ಇರುತ್ತವೆ. ಎಲ್ಲಕ್ಕಿಂತ ಹೆಚ್ಚು ಮುಚ್ಚಿಟ್ಟಿರುವುದು ಮನೆಯೊಳಗಿನ ಹೊಡೆತ. ಗಂಡ, ಅತ್ತೆ ಪಕ್ಕದಲ್ಲಿ ನಿಂತಿರುವಾಗ ಅದು ಬಾಯಿಗೆ ಬರುವುದಿಲ್ಲ, ಅದಕ್ಕೆ ಬಿಪಿ ನೋಡುವ ನೆಪದಲ್ಲಿ ಒಬ್ಬರನ್ನೇ ಒಳಗೆ ಕರೆಯುತ್ತೇನೆ.

ಹೌದು ಅಂದರೆ ಕಳೆದ ಒಂದು ತಿಂಗಳ ಬಗ್ಗೆ ಐದು ಪ್ರಶ್ನೆ. ಅದರ ಕನಸು ಬೀಳುತ್ತದಾ, ಬೇಡವೆಂದರೂ ಕಣ್ಣ ಮುಂದೆ ಬರುತ್ತದಾ? ಆ ಜಾಗ, ಆ ಮಾತು ತಪ್ಪಿಸುತ್ತೀರಾ? ಸದಾ ಎಚ್ಚರಿಕೆ, ಸಣ್ಣ ಸದ್ದಿಗೂ ಬೆಚ್ಚುವುದು ಇದೆಯಾ? ಮನೆಯವರಿಂದ, ಕೆಲಸದಿಂದ ಮನಸ್ಸು ದೂರ ಆದಂತಿದೆಯಾ? ಆದದ್ದಕ್ಕೆ ನಾನೇ ಕಾರಣ ಅನಿಸುತ್ತದಾ? ಮೂರಕ್ಕೆ ಹೌದು ಬಂದರೆ ನಿಧಾನ ಕೂತು ಪೂರ್ತಿ ವಿಚಾರಿಸುತ್ತೇನೆ, ಯಾಕೆಂದರೆ ಐದು ಪ್ರಶ್ನೆಯಿಂದಲೇ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಮನಸ್ಸಿಗೆ ಉಳಿಯುವ ಕಾಯಿಲೆ) ಅಂತ ಬರೆಯಲು ಆಗುವುದಿಲ್ಲ. ಕಡೆಯ ಪ್ರಶ್ನೆಗೆ ಜನ ಅಳುವುದು ಜಾಸ್ತಿ. "ನಾನೇ ಅವನನ್ನ ಆ ದಿನ ಕಳಿಸಿದ್ದು ಡಾಕ್ಟ್ರೆ" ಅನ್ನುವ ಮಾತು ಎಷ್ಟೋ ವರ್ಷ ಒಳಗೇ ಉಳಿದಿರುತ್ತದೆ.

ಘಟನೆ ಆಗಿ ತಿಂಗಳೂ ಆಗಿಲ್ಲವೆಂದರೆ ನಾನು ಅವಸರ ಮಾಡುವುದಿಲ್ಲ. ಬಹಳ ಜನ ಔಷಧಿ ಇಲ್ಲದೆಯೇ ಸುಧಾರಿಸುತ್ತಾರೆ. ಊಟ, ನಿದ್ದೆ, ಜೊತೆಗೆ ಯಾರಾದರೂ ಇರುವುದು, ಆಶಾ ಕಾರ್ಯಕರ್ತೆ ಆಗಾಗ ಹೋಗಿ ನೋಡುವುದು, ಇಷ್ಟು ಸಾಕಾಗುತ್ತದೆ. ಏನಾಯ್ತು ಹೇಳಿ, ಪೂರ್ತಿ ಹೇಳಿ ಅಂತ ಒತ್ತಾಯ ಮಾಡಬಾರದು. ಅದರಿಂದ ಉಪಕಾರ ಇಲ್ಲ, ಕೆಲವರಿಗೆ ಕೆಡುಕೂ ಆಗುತ್ತದೆ. ನೆಂಟರು ಸುತ್ತ ಕೂತು ಇದನ್ನೇ ಮಾಡುತ್ತಾರಲ್ವಾ, ಅದಕ್ಕೆ ಮನೆಯವರಿಗೂ ಇದನ್ನು ಹೇಳಿ ಕಳಿಸುತ್ತೇನೆ.

ನಿದ್ದೆ ಮಾತ್ರೆಯ ವಿಷಯದಲ್ಲಿ ನಾನು ಗಟ್ಟಿ. ಆಲ್ಪ್ರಜೋಲಾಂ ಕೊಟ್ಟರೆ ಆ ರಾತ್ರಿ ನಿದ್ದೆ ಬರಬಹುದು, ಆದರೆ ಪಿಟಿಎಸ್‌ಡಿ ಅದರಿಂದ ವಾಸಿ ಆಗುವುದಿಲ್ಲ, ಚಟ ಮಾತ್ರ ಹತ್ತುತ್ತದೆ. ತಿಂಗಳು ದಾಟಿಯೂ ತೊಂದರೆ ಬಿಡದಿದ್ದರೆ ಎಲ್ಲಕ್ಕಿಂತ ಒಳ್ಳೆಯದು ಆ ಘಟನೆಯನ್ನೇ ಹಿಡಿದು ನಡೆಸುವ ಮಾತಿನ ಚಿಕಿತ್ಸೆ. ಅದಕ್ಕೆ ತರಬೇತಾದವರು ಬೇಕು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಕಡೆ ಕಳಿಸುತ್ತೇನೆ. ಅಲ್ಲಿಯವರೆಗೆ, ಬೇಕಾದವರಿಗೆ ಖಿನ್ನತೆ, ಆತಂಕಕ್ಕೂ ಕೊಡುವ ಸರ್ಟ್ರಲಿನ್ ಮಾತ್ರೆ ದಿನಕ್ಕೆ 25 ಮಿಲಿಗ್ರಾಂ, ವಾರದ ಮೇಲೆ 50. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುತ್ತದೆ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು ಅಂತ ಮೊದಲೇ ಹೇಳದಿದ್ದರೆ ಅರ್ಧಕ್ಕೇ ಬಿಡುತ್ತಾರೆ. ಹಾಯಾಗಿದೆ ಅನ್ನಿಸಿದ ಕೂಡಲೇ ನಿಲ್ಲಿಸಬಾರದು, ವರ್ಷದ ಹತ್ತಿರ ಮುಂದುವರಿಸಿ ಆಮೇಲೆ ನಿಧಾನ ಇಳಿಸುತ್ತೇವೆ.

ಔಷಧಿಗಿಂತ ಮೊದಲು ನಾನು ಹೇಳುವ ಮಾತು: "ನಿಮಗೆ ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಅಪಾಯ ಹೋಗಿ ಆಯ್ತು ಅನ್ನೋದು ನಿಮ್ಮ ಮೈಗೆ ಇನ್ನೂ ಗೊತ್ತಾಗಿಲ್ಲ." ದೇವರ ಹತ್ತಿರ ಕೇಳಿ ಬಂದವರಿಗೆ ಬೇಡ ಅನ್ನುವುದಿಲ್ಲ, ಮಾತ್ರೆ ಬಿಡಬೇಡಿ ಅನ್ನುತ್ತೇನೆ ಅಷ್ಟೇ.

ಸಾಯುವ ಯೋಚನೆ ಬರುತ್ತದಾ ಅಂತ ಪ್ರತಿಯೊಬ್ಬರನ್ನೂ ನೇರ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅದೇ ದಿನ ಮನೆಯವರ ಜೊತೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ. ಕುಡಿತ ಏರಿದವರು, ಮಕ್ಕಳು, ಎರಡು ತಿಂಗಳಾದರೂ ಗುಣ ಕಾಣದವರು, ಇವರನ್ನೂ ಮನೋವೈದ್ಯರಿಗೇ ಒಪ್ಪಿಸುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಕೊಡುತ್ತೇನೆ, ಅದು ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು, ಮಳೆಗಾಲ. ಗುಡ್ಡ ಕುಸಿದದ್ದೂ ಮಳೆಗಾಲದಲ್ಲೇ. ಬೇಸಿಗೆಯಲ್ಲಿ ಚೆನ್ನಾಗಿದ್ದವರು ಜೂನ್‌ನ ಮೊದಲ ಜೋರು ಮಳೆಗೆ ಮತ್ತೆ ಬೆಚ್ಚುತ್ತಾರೆ. ಅದಕ್ಕೆ ಇವರ ಮುಂದಿನ ಭೇಟಿಯನ್ನು ಮೇ ಕೊನೆಗೇ ಇಡುತ್ತೇನೆ, ಆ ಸಮಯದಲ್ಲಿ ಡೋಸ್ ಇಳಿಸುವುದಿಲ್ಲ.