ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಮೈಸೂರಿನ ಹಳೇ ಸದ್ದು ವಾಪಸ್ ತಂದದ್ದು: ನನ್ನ ಅನುಭವ

"ಫ್ಯಾಕ್ಟರಿ ಜೊತೆಗೇ ಆ ಸೌಂಡೂ ಹೋಯ್ತು ಸಾರ್, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಿ" ಅಂದಿದ್ದರು ನಮ್ಮ ಮೆಕ್ಯಾನಿಕ್ ಭಾಯ್. ಮೂವತ್ತು ವರ್ಷಕ್ಕಿಂತ ಜಾಸ್ತಿ ಜಾವಾ, ಯೆಜ್ಡಿ ಬಿಚ್ಚಿ ಜೋಡಿಸಿದ ಕೈ ಅವರದು. ಗೆಳೆಯರೂ ಅದನ್ನೇ ಹೇಳಿದರು. ಒರಿಜಿನಲ್ ಸೈಲೆನ್ಸರ್ ಸಿಕ್ಕರೆ ಹಾಕು, ಇಲ್ಲದಿದ್ದರೆ ಮಾರ್ಕೆಟ್ ಪೀಸ್ ಹಾಕಿ ಸುಮ್ಮನಿರು ಅಂತ. ಈಗ ಅದೇ ಭಾಯ್ ನನ್ನ ಗಾಡಿ ಬೀದಿಯ ತುದಿಯಲ್ಲಿ ತಿರುಗುವಾಗಲೇ ಗುರುತು ಹಿಡಿಯುತ್ತಾರೆ, ತಲೆ ಎತ್ತಿ ನೋಡುವುದೂ ಇಲ್ಲ. ಎರಡೂವರೆ ವರ್ಷ ಹಿಡಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 1989ರ ರೋಡ್‌ಕಿಂಗ್. ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಬಾಗಿಲು ಹಾಕಿದ್ದು 1996ರಲ್ಲಿ, ಅಂದರೆ ನನ್ನ ಗಾಡಿ ಹೊರಬಂದು ಏಳು ವರ್ಷಕ್ಕೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ನಾಲ್ಕು ಯೆಜ್ಡಿ ಇದ್ದವು. ಸಂಜೆ ಯಾವ ಮನೆಯವರು ಬಂದರು ಅಂತ ಒಳಗೆ ಕೂತೇ ಹೇಳಬಹುದಿತ್ತು. ಚಿಕ್ಕಪ್ಪನ ಗಾಡಿ ಗೇಟಿನ ಹತ್ತಿರ ಥ್ರಾಟಲ್ ಬಿಟ್ಟಾಗ "ಪೊಂಯ್ ಡಿಂಗ್... ಡಿಂಗ್... ಡಿಂಗ್" ಅಂತ ಎಣಿಸಿಕೊಂಡು ಇಳಿಯುತ್ತಿತ್ತು. ನನಗೆ ಬೇಕಿದ್ದದ್ದು ಆ ಇಳಿಯುವ ಸದ್ದು. ಏರುವ ಸದ್ದು ಯಾರು ಬೇಕಾದರೂ ಮಾಡಿಸಬಹುದು, ಸೈಲೆನ್ಸರ್ ಒಳಗೆ ಸದ್ದು ತಗ್ಗಿಸಲು ಇಟ್ಟಿರುವ ಬ್ಯಾಫಲ್ ಕಿತ್ತು ಬಿಸಾಕಿದರೆ ಆಯಿತು. ಇಳಿಯುವಾಗ ಕೇಳಬೇಕು ಗಾಡಿಯನ್ನ.

ಬುಲೆಟ್ ಹುಡುಗರು ಇಲ್ಲಿ ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಎರಕದ ಹಳೇ ಬುಲೆಟ್ಟಿನ ನಿಧಾನದ ಐಡ್ಲಿಂಗ್ ನನಗೂ ಇಷ್ಟ, ಇಲ್ಲ ಅನ್ನುವುದಿಲ್ಲ. ಆದರೆ ಅದು ಬೇರೆ ಲೆಕ್ಕ. ಬುಲೆಟ್ ಫೋರ್ ಸ್ಟ್ರೋಕ್, ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಹೊಡೆತ. ನಮ್ಮದು ಟೂ ಸ್ಟ್ರೋಕ್, ಸುತ್ತಿಗೊಂದು. 3000 ಆರ್‌ಪಿಎಂನಲ್ಲಿ ಬುಲೆಟ್ ಸೆಕೆಂಡಿಗೆ 25 ಸಲ ಹೊಡೆಯುತ್ತದೆ, ಯೆಜ್ಡಿ 50 ಸಲ. ಅದರ ಮೇಲೆ ನಮ್ಮದರಲ್ಲಿ ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಗೆ ಹೋಗುವ ಬಾಯಿ), ಎರಡು ಪೈಪು. ಒಂದೇ ಹೊಡೆತ ಎರಡು ಬಾಯಿಂದ ಒಟ್ಟಿಗೆ ಹೊರಗೆ ಬರಬೇಕು. ನನ್ನ ಕಷ್ಟ ಎಲ್ಲಾ ಇದ್ದದ್ದು ಆ "ಒಟ್ಟಿಗೆ" ಅನ್ನುವ ಮಾತಿನಲ್ಲಿ. ಅದು ಗೊತ್ತಾಗುವಷ್ಟರಲ್ಲಿ ಹನ್ನೆರಡು ಹದಿಮೂರು ಸಾವಿರ ಕೈಬಿಟ್ಟಿತ್ತು.

ಗಾಡಿ ಕೊಂಡಾಗ ಅದರ ಮೇಲಿದ್ದದ್ದು ತೂತು ಬಿದ್ದ ಸೈಲೆನ್ಸರ್. ಎಡಗಡೆಯದು ಯಾವುದೋ ಬೇರೆ ಮಾಡೆಲಿನದು, ಬಲಗಡೆಯದಕ್ಕೆ ಮೂರು ಕಡೆ ವೆಲ್ಡಿಂಗ್. ಮೊದಲು ಮಾರ್ಕೆಟ್ ಪೀಸ್ ತಂದೆ, ಜೋಡಿಗೆ 3,200 ಇರಬೇಕು. ಹೊಳಪು ಚೆನ್ನಾಗಿತ್ತು. ಸದ್ದು ಮಾತ್ರ ಎಣ್ಣೆ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬ್ಯಾಫಲ್ ಸರಿಯಿಲ್ಲ ಅಂತ ತೆಗೆದು ಓಡಿಸಿದೆ. ಎರಡು ದಿನ ಖುಷಿ ಆಯಿತು, ಮೂರನೇ ದಿನ ಪಕ್ಕದ ಮನೆಯ ಅಜ್ಜಿ "ಮಗೂ, ಮಗು ಮಲಗಿದೆ ಕಣಪ್ಪ" ಅಂದರು. ಕಡಿಮೆ ಆರ್‌ಪಿಎಂನಲ್ಲಿ ಗಾಡಿಗಿದ್ದ ಎಳೆತವೂ ಹೋಯಿತು. ಚಾಮುಂಡಿ ಬೆಟ್ಟದಲ್ಲಿ ಮೂರನೇ ಗೇರಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ಟೂ ಸ್ಟ್ರೋಕಿಗೆ ಸೈಲೆನ್ಸರ್ ಬರೀ ಸದ್ದು ಮುಚ್ಚುವ ಡಬ್ಬ ಅಲ್ಲ, ಹೊರಗೆ ಹೋಗುವ ಹೊಸ ಪೆಟ್ರೋಲ್ ಗಾಳಿ ಮಿಕ್ಸ್ಚರನ್ನ ತಡೆದು ಒಳಗೆ ತಳ್ಳುವುದೂ ಅದೇ. ಗೊತ್ತಿರುವ ವಿಷಯವೇ, ಆದರೂ ಎಷ್ಟೋ ಜನ ಇನ್ನೂ ಬ್ಯಾಫಲ್ ಕೀಳುತ್ತಲೇ ಇದ್ದಾರೆ. ಆಮೇಲೆ ಪೊಲೀಸರು ಸೈಲೆನ್ಸರ್‌ಗಳನ್ನ ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹತ್ತಿಸಿದರೆ ನಾನಂತೂ ಪೊಲೀಸರ ಪರ.

ಎರಡನೇ ಪ್ರಯತ್ನ ಗ್ಲಾಸ್ ವುಲ್, ಅಂದರೆ ಗಾಜಿನ ಎಳೆಯ ಹತ್ತಿ. ಬ್ಯಾಫಲ್ ಸುತ್ತ ಸುತ್ತಿ ತಂತಿ ಕಟ್ಟಿ ಹಾಕಿದೆ. ಮೊದಲ ನೂರು ಕಿಲೋಮೀಟರ್ ಎಷ್ಟು ಚೆನ್ನಾಗಿತ್ತು ಅಂದರೆ ಗೆದ್ದೆ ಅಂದುಕೊಂಡಿದ್ದೆ. ನಾನೂರಕ್ಕೆ ಎಣ್ಣೆ ಕುಡಿದು ಮುದ್ದೆಯಾಗಿ ಕೂತಿತು. ಹೊರಗೆ ಎಳೆದಾಗ ಕರಿ ರೊಟ್ಟಿ ಹಾಗೆ ಬಂತು. ಫೋರ್ ಸ್ಟ್ರೋಕಿನಲ್ಲಿ ನಡೆಯುತ್ತದೆ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ನಮ್ಮ ಗಾಡಿಗೆ ಬೇಡ.

ಮೂರನೆಯದು ದುಬಾರಿ ಪಾಠ. ಒಬ್ಬರು ಅಂಗಡಿಯವರು "ಹಳೇ ಸ್ಟಾಕ್, ಫ್ಯಾಕ್ಟರಿ ಮಾಲು" ಅಂತ ಒಂದು ಜೋಡಿ ಕೊಟ್ಟರು. 8,500. ಮನೆಗೆ ತಂದು ನೋಡಿದರೆ ಹಳೇ ಚಿಪ್ಪಿಗೆ ಹೊಸ ಕ್ರೋಮ್ ಹೊಡೆಸಿದ್ದು, ಒಳಗೆ ಬ್ಯಾಫಲ್‌ನ ತಗಡಿನ ಬಿಲ್ಲೆಗಳು ಅಲ್ಲಾಡುತ್ತಿದ್ದವು. ವಾಪಸ್ ತಗೊಳ್ಳಲಿಲ್ಲ. ನಮ್ಮ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ತೂಗಿದೆ, ಎಡಕ್ಕೂ ಬಲಕ್ಕೂ ಹತ್ತಿರ ಹತ್ತಿರ ಮುನ್ನೂರು ಗ್ರಾಂ ವ್ಯತ್ಯಾಸ! ಅವತ್ತಿಂದ ನಾನು ತೂಗದೆ ಸೈಲೆನ್ಸರ್ ಕೊಳ್ಳುವುದಿಲ್ಲ. ಇನ್ನೊಂದು ಪರೀಕ್ಷೆಯೂ ಇದೆ. ದಾರ ಕಟ್ಟಿ ನೇತುಹಾಕಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. "ಟಿಣ್" ಅಂತ ಉದ್ದ ಎಳೆದರೆ ತಗಡು ತೆಳು, ಓಡುವಾಗಲೂ ಅದೇ ಟಿಣಿಟಿಣಿ ಬರುತ್ತದೆ. "ಠಪ್" ಅಂತ ಗಟ್ಟಿಯಾಗಿ ನಿಂತರೆ ತಗೊಳ್ಳಬಹುದು.

ಇಲ್ಲಿಗೆ ನಾನು ಸೈಲೆನ್ಸರ್ ಬಿಟ್ಟು ಎಂಜಿನ್ ಕಡೆ ತಿರುಗಿದೆ. ಹಾಗೆ ಮಾಡಿದ್ದೇ ಒಳ್ಳೆಯದಾಯಿತು.

ಒಂದು ಭಾನುವಾರ ಬೆಳಿಗ್ಗೆ ಪೇಪರಿನಿಂದ ಬೆರಳಗಲದ ಎರಡು ಪಟ್ಟಿ ಹರಿದು, ಎರಡು ಸೈಲೆನ್ಸರ್ ಬಾಯಿಯ ಹಿಂದೆ ಒಂದೇ ದೂರದಲ್ಲಿ ಕಡ್ಡಿಗೆ ಅಂಟಿಸಿ ನಿಲ್ಲಿಸಿದೆ. ಗಾಡಿ ಐಡ್ಲಿಂಗ್‌ನಲ್ಲಿ. ಎಡಗಡೆಯ ಪಟ್ಟಿ ಪಟಪಟ ಹೊಡೆದುಕೊಳ್ಳುತ್ತಿದೆ. ಬಲಗಡೆಯದು ಸುಮ್ಮನೆ ನಡುಗುತ್ತಿದೆ ಅಷ್ಟೇ. ಸೈಲೆನ್ಸರ್‌ಗಳನ್ನ ಅದಲು ಬದಲು ಮಾಡಿ ಹಾಕಿದೆ. ಆಗಲೂ ಬಲಗಡೆಯದೇ ನಡುಗಿತು. ಅಂದರೆ ತಪ್ಪು ಪೈಪಿನದಲ್ಲ.

ಪೈಪನ್ನ ಎಂಜಿನ್ನಿಗೆ ಹಿಡಿದಿಡುವ ರಿಂಗ್ ನಟ್ ಬಿಚ್ಚಲು ಸಿ ಸ್ಪ್ಯಾನರ್, ಸುತ್ತಿಗೆ, ಡೀಸೆಲ್ ಎಲ್ಲಾ ಬೇಕಾಯಿತು, ಅರ್ಧ ದಿನ ಹೋಯಿತು. ಬೆಂಡ್ ಪೈಪ್ (ಎಂಜಿನ್ನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಪೈಪು) ಎಳೆದು ಟಾರ್ಚ್ ಹಾಕಿದರೆ ಬಲ ಪೋರ್ಟ್ ಅರ್ಧ ಮುಚ್ಚಿದೆ. ಕಾರ್ಬನ್ ಅಂದರೆ ಮಸಿ ಅಲ್ಲ, ಕಲ್ಲಿದ್ದಲು. ಹಿಂದಿನ ಮಾಲೀಕರು ಲೀಟರಿಗೆ ಎಷ್ಟು ಎಣ್ಣೆ ಸುರಿಯುತ್ತಿದ್ದರೋ. ಸಿಲಿಂಡರ್ ಇಳಿಸಿ, ಬಿದಿರಿನ ಚಕ್ಕೆಯಿಂದ ಕೆರೆದೆ. ಸ್ಕ್ರೂ ಡ್ರೈವರ್ ಹಾಕಬೇಡಿ, ಪೋರ್ಟಿನ ಅಂಚು ಗೀರಿದರೆ ಅದು ಪಿಸ್ಟನ್ ರಿಂಗನ್ನ ತಿನ್ನುತ್ತದೆ. ಕೆರೆದದ್ದು ಒಂದು ಟೀ ಲೋಟದ ಕಾಲು ಭಾಗ ಬಂತು. ನನ್ನ ಮಗಳು ಅದನ್ನ ಕಾಡಿಗೆ ಅಂದುಕೊಂಡಿದ್ದಳು.

ಜೋಡಿಸಿ ಸ್ಟಾರ್ಟ್ ಮಾಡಿದರೆ ಎರಡು ಪಟ್ಟಿಯೂ ಒಂದೇ ಸಮ ಹೊಡೆದುಕೊಂಡವು. ಅದೇ ಕೆಟ್ಟ ಮಾರ್ಕೆಟ್ ಸೈಲೆನ್ಸರಿನಲ್ಲೇ ಸದ್ದು ಅರ್ಧಕ್ಕರ್ಧ ಸುಧಾರಿಸಿತು. ಅಷ್ಟು ಹೊತ್ತೂ ನಾನು ಹುಡುಕಿದ್ದು ಗಾಡಿಯ ಹಿಂಭಾಗದಲ್ಲಿ, ರೋಗ ಇದ್ದದ್ದು ಮುಂದೆ.

ಆದರೂ ಇಳಿಯುವಾಗ ಸರಿ ಇರಲಿಲ್ಲ. ಥ್ರಾಟಲ್ ಬಿಟ್ಟರೆ ಆರ್‌ಪಿಎಂ ಒಂದು ಕ್ಷಣ ಮೇಲೇ ನಿಂತು ಆಮೇಲೆ ಬೀಳುತ್ತಿತ್ತು. ಬಲಗಡೆ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಸುತ್ತ ಗಾಳಿ ಸೋರದಂತೆ ಕೂರುವ ಬಳೆ) ಗಾಳಿ ಎಳೆಯುತ್ತಿತ್ತು ಅಂತ ಕಾಣುತ್ತದೆ, ಅದನ್ನ ಬದಲಾಯಿಸಿದ ಮೇಲೆ ಸರಿಹೋಯಿತು. ಎಡಗಡೆಯದು ಹೋದರೆ ಗೇರ್ ಎಣ್ಣೆ ಎಳೆದು ಬಿಳಿ ಹೊಗೆ ತೋರಿಸುತ್ತದೆ, ಬಲಗಡೆಯದು ಮೋಸಗಾರ, ಹೊಗೆಯನ್ನೂ ತೋರಿಸುವುದಿಲ್ಲ. ಭಾಯ್ ಕೂಲಿ ಸೇರಿ 1,800 ತಗೊಂಡರು. ಕಾರ್ಬ್ಯುರೇಟರ್ ಸಣ್ಣ ಹೊಂದಾಣಿಕೆ ಆಮೇಲೆ ಮಾಡಿದೆ. ಪೈಲಟ್ ಕಡೆ, ಅಂದರೆ ಐಡ್ಲಿಂಗ್‌ನಲ್ಲಿ ಹೋಗುವ ಪೆಟ್ರೋಲ್, ಸ್ವಲ್ಪ ರಿಚ್ (ಜಾಸ್ತಿ) ಇಟ್ಟರೆ ಇಳಿಯುವ "ಡಿಂಗ್ ಡಿಂಗ್" ಚೆನ್ನಾಗಿ ಬಿಡಿಬಿಡಿಯಾಗಿ ಬರುತ್ತದೆ. ಸ್ಕ್ರೂ ಎಷ್ಟು ಸುತ್ತು ತಿರುಗಿಸಬೇಕು ಅಂತ ಹೇಳುವುದಿಲ್ಲ. ಅದು ಒಂದೊಂದು ಗಾಡಿಗೂ ಬೇರೆ, ನನ್ನದಕ್ಕೆ ಹುಡುಕಲು ನನಗೆ ಒಂದು ತಿಂಗಳು ಬೇಕಾಯಿತು.

ಈಗ ಸೈಲೆನ್ಸರ್. ಬೆಂಗಳೂರಿನಲ್ಲಿ ಸಂಡೇ ಬಜಾರ್ ಸುತ್ತುವಾಗ ಒಂದು ಕಡೆ ತುಕ್ಕು ತಿಂದ ಒರಿಜಿನಲ್ ಸಿಕ್ಕಿತು. ಒಂದೇ ಪೀಸು, ಜೋಡಿ ಇಲ್ಲ. ಆರುನೂರಕ್ಕೆ ಕೊಟ್ಟ. ಹಾಕಿಕೊಳ್ಳಲು ಅಲ್ಲ, ಕೊಯ್ಯಲು ತಂದೆ. ಗ್ರೈಂಡರಿನಿಂದ ಉದ್ದಕ್ಕೆ ಸೀಳಿ, ಹಲಸಿನ ಹಣ್ಣಿನ ಹಾಗೆ ಬಿಡಿಸಿ ನೋಡಿದಾಗ ಮಾರ್ಕೆಟ್ ಪೀಸು ಯಾಕೆ ಹಾಗೆ ಕೂಗುತ್ತದೆ ಅಂತ ಅರ್ಥವಾಯಿತು. ಬಿಲ್ಲೆಗಳು ಗಟ್ಟಿಯಾಗಿ ಕೂತಿದ್ದವು, ಬೆರಳಲ್ಲಿ ಅಲ್ಲಾಡಿಸಿದರೂ ಜಗ್ಗಲಿಲ್ಲ. ತೂತಿನ ಅಂಚು ನಯವಾಗಿತ್ತು. ಮಾರ್ಕೆಟ್ ಪೀಸಿನಲ್ಲಿ ತೂತಿನ ಮುಳ್ಳು ಹಾಗೇ ಬಿಟ್ಟಿರುತ್ತಾರೆ, ಗಾಳಿ ಅಲ್ಲಿ ಸಿಳ್ಳೆ ಹೊಡೆಯುತ್ತದೆ.

ಕಾಗದದ ಮೇಲೆ ಅಳತೆ ಬರೆದುಕೊಂಡು ಲೇತ್ ಅಂಗಡಿಗೆ ಹೋದೆ. "ಇಷ್ಟಕ್ಕೆ ಹೊಸದೇ ಬರುತ್ತಲ್ಲ ಸ್ವಾಮಿ" ಅಂದರು ಅವರು. ನನಗೆ ಹೊಸದು ಬೇಡ, ಇದೇ ಬೇಕು ಅಂದೆ. ಮೊದಲ ಜೋಡಿ ಬ್ಯಾಫಲ್ ಕೆಟ್ಟಿತು. ನಾನು ತಗಡು ದಪ್ಪ ಜಾಸ್ತಿ ಹೇಳಿದ್ದೆ, ಗಾಡಿ ಮೂಗು ಕಟ್ಟಿದವರ ಹಾಗೆ ಮಾತಾಡಿತು. ಎರಡನೇ ಜೋಡಿಯಲ್ಲಿ ಹಿಂದಿನ ತೂತು ದೊಡ್ಡದಾಯಿತು. ಮೂರನೆಯದು ಕೂತಿತು. ಒಂದೊಂದು ಸಲಕ್ಕೂ 700, 800 ಕೊಟ್ಟಿದ್ದೇನೆ. ಬಿಲ್ಲೆಗಳ ನಡುವಿನ ದೂರ ಮತ್ತು ಹಿಂದಿನ ತೂತಿನ ಅಳತೆ ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡುತ್ತೇನೆ. ಬಿಲ್ಲೆಗಳು ಸಮ ದೂರದಲ್ಲಿ ಇರುವುದಿಲ್ಲ. ಉಳಿದದ್ದನ್ನ ನೀವೂ ಒಂದು ಕೊಯ್ದು ನೋಡಿ.

ಹೊರಗಿನ ಚಿಪ್ಪಿಗೆ ಮಾರ್ಕೆಟ್ ಪೀಸನ್ನೇ ಬಳಸಿದೆ, ಆದರೆ ಆರಿಸಿ. ನಾಲ್ಕು ಜೋಡಿ ತೂಗಿ, ತಟ್ಟಿ, ಭಾರವಾದ ಎರಡು ಬೇರೆ ಬೇರೆ ಜೋಡಿಯಿಂದ ಎತ್ತಿಕೊಂಡೆ. ಅಂಗಡಿಯವರು ಸಿಟ್ಟಾದರು, ಮುನ್ನೂರು ಜಾಸ್ತಿ ಕೊಟ್ಟೆ. ಬೆಂಡ್ ಪೈಪಿನ ಬಾಯಿಗೆ ಹೊಸ ಗ್ಯಾಸ್ಕೆಟ್ ಹಾಕಿದೆ. ಅಲ್ಲಿ ಸೋರಿದರೆ "ಚಿಟ್ ಚಿಟ್" ಅಂತ ಬರುತ್ತದೆ, ಜನ ಅದನ್ನ ಟ್ಯಾಪೆಟ್ ಸದ್ದು ಅಂದುಕೊಳ್ಳುತ್ತಾರೆ. ಟ್ಯಾಪೆಟ್ ಇರುವುದು ಫೋರ್ ಸ್ಟ್ರೋಕಿನ ವಾಲ್ವ್ ಎತ್ತಲು, ನಮ್ಮ ಟೂ ಸ್ಟ್ರೋಕಿನಲ್ಲಿ ಅದು ಎಲ್ಲಿಂದ ಬರಬೇಕು?

ಮಧ್ಯೆ ಬೇರೆ ಆಟಗಳನ್ನೂ ಆಡಿದ್ದೇನೆ. ಒಂದು ಪೈಪಿನ ಬಾಲ ಎರಡು ಇಂಚು ಗಿಡ್ಡ ಮಾಡಿ ನೋಡಿದೆ. ಹಿಂದೆ ನಿಂತವರಿಗೆ ಏನೂ ಗೊತ್ತಾಗಲಿಲ್ಲ, ಸವಾರನ ಕಿವಿಗೆ ಮಾತ್ರ ಒಂದು ಕಡೆ ತೂಕ ಜಾಸ್ತಿಯಾದ ಹಾಗೆ. ಬಿಟ್ಟೆ. ಗೆಳೆಯನ ಯಮಹಾ ಆರ್‌ಎಕ್ಸ್ 100 ಬೈಕ್ ಮೇಲೆ ಇದೇ ಬ್ಯಾಫಲ್ ವಿದ್ಯೆ ಪ್ರಯೋಗಿಸಿದೆ, ಅದು ಒಲಿಯಲಿಲ್ಲ. ಅದರ ಸದ್ದಿನ ಗುಟ್ಟು ಸೈಲೆನ್ಸರಿನ ಹೊಟ್ಟೆಯ ಆಕಾರದಲ್ಲಿದೆ, ಬ್ಯಾಫಲ್‌ನಲ್ಲಿ ಕಡಿಮೆ. ರಾಜ್‌ದೂತ್ 350 ಒಂದು ಸಲ ಕೈಗೆ ಸಿಕ್ಕಿತ್ತು. ಎರಡು ಸಿಲಿಂಡರ್, ಎರಡು ಪೈಪ್, ನಮ್ಮ ಹಾಗೆ ಒಟ್ಟಿಗೆ ಅಲ್ಲ, ಒಂದಾದ ಮೇಲೊಂದು. ಮೇಲಿನ ಆರ್‌ಪಿಎಂನಲ್ಲಿ ಬಟ್ಟೆ ಹರಿದ ಹಾಗೆ ಕೂಗುತ್ತದೆ. ಮೈ ಜುಮ್ ಅನ್ನುತ್ತದೆ ನಿಜ, ಆದರೆ ಗೇಟಿನ ಹತ್ತಿರ ಅದು ಯೆಜ್ಡಿಯ ಹಾಗೆ ಮಾತಾಡುವುದಿಲ್ಲ. 2018ರಲ್ಲಿ ಬಂದ ಹೊಸ ಜಾವಾಕ್ಕೂ ಒಂದೇ ಸಿಲಿಂಡರಿಗೆ ಎರಡು ಪೈಪ್ ಇಟ್ಟಿದ್ದಾರೆ, ಅದು ಫೋರ್ ಸ್ಟ್ರೋಕ್. ಚೆನ್ನಾಗಿಯೇ ಇದೆ, ಅದರದ್ದೇ ದನಿ.

ಎಣ್ಣೆಯನ್ನೂ ಬದಲಾಯಿಸಿದೆ. ಒಳ್ಳೆಯ 2ಟಿ (ಟೂ ಸ್ಟ್ರೋಕ್ ಎಣ್ಣೆ), ಪೆಟ್ರೋಲ್ ಲೀಟರಿಗೆ 30 ಮಿಲಿ ಆಸುಪಾಸು. ಹೊಗೆ ಕಡಿಮೆಯಾಯಿತು, ಕಾರ್ಬನ್ ಕೂಡ. ಸದ್ದಿಗೆ ಏನೂ ಆಗಲಿಲ್ಲ. ಕಾಸ್ಟಿಕ್ ಸೋಡಾದಲ್ಲಿ ಸೈಲೆನ್ಸರ್ ನೆನೆಹಾಕುವವರಿಗೆ ಒಂದು ಮಾತು, ಅಲ್ಯುಮಿನಿಯಂ ಭಾಗ ಅದರಲ್ಲಿ ಹಾಕಬೇಡಿ, ತಿಂದುಹಾಕುತ್ತದೆ. ಕ್ಲೀನ್ ಮಾಡಿದ ಮೇಲೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸದ್ದು ಒರಟು. ಒಳಗೆ ತೆಳುವಾಗಿ ಮಸಿ ಹಿಡಿದ ಮೇಲೆ ಮೆತ್ತಗಾಗುತ್ತದೆ, ಗಾಬರಿಯಾಗಿ ಮತ್ತೆ ಬಿಚ್ಚಬೇಡಿ.

ಒಟ್ಟು ಖರ್ಚು, ಕೆಟ್ಟದ್ದೆಲ್ಲಾ ಸೇರಿ, 26,000 ಹತ್ತಿರ. ಪೋರ್ಟ್, ಸೀಲ್ ಮೊದಲೇ ನೋಡಿದ್ದರೆ 10,000ದಲ್ಲಿ ಮುಗಿಯುತ್ತಿತ್ತು.

ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಗಾಡಿ ಹೊರಗೆ ತಂದೆ. ಹೊರಡುವ ಮುಂಚೆ ಭಾಯ್ ಅಂಗಡಿಗೆ ಹೋಗಿ ನಿಲ್ಲಿಸಿದೆ. ಅವರು ಕೈ ಒರೆಸಿಕೊಂಡು ಬಂದು, ಎರಡು ಸೈಲೆನ್ಸರಿನ ಹಿಂದೆ ಎರಡು ಅಂಗೈ ಹಿಡಿದು ಸ್ವಲ್ಪ ಹೊತ್ತು ಕೂತರು. "ಬೆಂಡ್ ಬದಲಾಯಿಸಿದ್ರಾ?" ಅಂದರು. ಇಲ್ಲ, ಅದೇ ಬೆಂಡು ಅಂದೆ. "ಮತ್ತೆ?" ಅಂದರು. ನಾನು ಬರೀ ಪೋರ್ಟಿನ ಕಥೆ ಹೇಳಿದೆ, ಬಿಲ್ಲೆಗಳ ಅಳತೆ ಅವರಿಗೂ ಹೇಳಿಲ್ಲ. ಮುಂದಿನ ವಾರ ಅವರೇ ಒಂದು ಗಿರಾಕಿಯ ಗಾಡಿ ಕಳಿಸುತ್ತಾರಂತೆ, ಯೆಜ್ಡಿಯ ಹಳೇ ಮಾಡೆಲ್, ಬಿ ಟೈಪ್. ಅದರ ಸೈಲೆನ್ಸರ್ ಆಕಾರವೇ ಬೇರೆ, ನನ್ನ ಅಳತೆ ಅಲ್ಲಿ ನಡೆಯುವುದಿಲ್ಲ. ಕೊಯ್ಯಲು ಒಂದು ಹಳೇ ಪೀಸು ಬೇಕು. ಯಾರ ಹತ್ತಿರವಾದರೂ ತುಕ್ಕು ಹಿಡಿದದ್ದು ಬಿದ್ದಿದ್ದರೆ ಹೇಳಿ, ಒಂದು ಕಡೆಯದೇ ಸಾಕು.