ಸುಮ್ಮನಿದ್ದ ಲಿನಕ್ಸ್ ಫೋನ್ ಬಿಸಿಯಾಗುತ್ತಿತ್ತು: ಅರೆಬರೆ ವಿಡಿಯೊ ಫೈಲೇ ಕಾರಣ

ಕಾರವಾರದ ಮೇ ಸೆಕೆಗೆ ಫೋನ್ ಕಾಯುವುದುಂಟು. ಆದರೆ ಸ್ಕ್ರೀನ್ ಆರಿಸಿಟ್ಟಾಗಲೂ ಹಿಂಬದಿ ಕೈಗೆ ಚುರುಕ್ಕೆಂದರೆ ಸೆಕೆಯನ್ನು ದೂರಬೇಡಿ, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆಯಿರಿ.

ಓಡುತ್ತಿರುವ ಪ್ರೋಸೆಸ್‌ಗಳನ್ನು (ಕೆಲಸಗಳನ್ನು) ತೋರಿಸುವ 'ಟಾಪ್' ಓಡಿಸಿ ದೊಡ್ಡಕ್ಷರದ 'ಪಿ' ಒತ್ತಿದರೆ ಸಿಪಿಯು ಹೆಚ್ಚು ತಿನ್ನುವ ಪ್ರೋಸೆಸ್ ಮೇಲೆ ಬರುತ್ತದೆ. ಗ್ನೋಮ್ ಎಂಬ ಲಿನಕ್ಸ್ ಪರದೆ ವ್ಯವಸ್ಥೆಯ ನನ್ನ ಫೋನಿನಲ್ಲಿ 'ಟ್ರ್ಯಾಕರ್-ಎಕ್ಸ್‌ಟ್ರ್ಯಾಕ್ಟ್-3' ಶೇ. 99ರಲ್ಲಿ ನಿಂತಿತ್ತು; ಇದು ಫೈಲುಗಳನ್ನು ಓದಿ ಸೂಚಿ ಕಟ್ಟುವ 'ಟ್ರ್ಯಾಕರ್' ಎಂಬ ಹುಡುಕಾಟದ ಸೇವೆಯ ಭಾಗ. ಟಾಪ್‌ನಲ್ಲಿ ಶೇ. 100 ಎಂದರೆ ಸಿಪಿಯುವಿನ ಒಂದು ಕೋರ್ (ಲೆಕ್ಕ ಮಾಡುವ ಘಟಕ) ಮಾತ್ರ ಪೂರ್ತಿ ದುಡಿಯುತ್ತಿದೆ ಎಂದು; ನಾಲ್ಕು ಕೋರ್‌ನ ಫೋನ್ ನಿಧಾನವಾಗದೆ ಬರೀ ಬಿಸಿಯಾಗುವುದು ಇದಕ್ಕೇ.

ಆ ಪ್ರೋಸೆಸನ್ನು ಬರೀ ಕಿಲ್ ಮಾಡಿ (ನಿಲ್ಲಿಸಿ) ಸುಮ್ಮನಾದರೆ ಉಪಯೋಗವಿಲ್ಲ, ಹುಡುಕಾಟದ ಸೇವೆ ಅದನ್ನು ಮತ್ತೆ ಎಬ್ಬಿಸುತ್ತದೆ. ಅದು ಯಾವ ಫೈಲಿಗೆ ಸಿಕ್ಕಿಕೊಂಡಿದೆ ಎಂದು ನೋಡಬೇಕು. ಟಾಪ್ ತೋರಿಸುವ ಪಿಐಡಿ (ಪ್ರೋಸೆಸ್‌ನ ಗುರುತಿನ) ಸಂಖ್ಯೆ ಹಿಡಿದು, ಪ್ರೋಸೆಸ್‌ಗಳ ವಿವರವಿರುವ ಪ್ರೊಕ್ ಫೋಲ್ಡರಿನಲ್ಲಿ ಆ ಸಂಖ್ಯೆಯ ಒಳಗಿನ 'ಎಫ್‌ಡಿ' ಫೋಲ್ಡರಿಗೆ, ಪಟ್ಟಿ ತೋರಿಸುವ 'ಎಲ್‌ಎಸ್ -ಎಲ್' ಆದೇಶ ಕೊಟ್ಟೆ. ಆ ಪ್ರೋಸೆಸ್ ತೆರೆದ ಫೈಲುಗಳೆಲ್ಲ ಕಂಡವು. ನಡುವೆ ಬೈತಖೋಲ ಬಂದರಿನ ಒಂದು ವಿಡಿಯೊ: ಮೂಲ ಮೆಮೊರಿ ಕಾರ್ಡಿನಲ್ಲಿ 412 ಎಂಬಿ, ಫೋನಿನಲ್ಲಿ 96 ಮಾತ್ರ. ಕಾಪಿ ಮುಗಿಯುವ ಮೊದಲೇ ಕಾರ್ಡ್ ಎಳೆದಿದ್ದರ ಫಲ.

ಆ ಫೈಲ್ ಅಳಿಸಿ, ಪ್ರೋಸೆಸನ್ನು ಒಮ್ಮೆ ಕಿಲ್ ಮಾಡಿದೆ. ಈ ಸಲ ಎದ್ದರೂ ಬೇಗ ತಣ್ಣಗಾಯಿತು. ವಿಡಿಯೊ ಫೋಲ್ಡರಿನಲ್ಲಿ 'ನೋಮೀಡಿಯಾ' ಹೆಸರಿನ, ಮುಂದೆ ಚುಕ್ಕಿಯಿರುವ ಖಾಲಿ ಫೈಲ್ ಇಟ್ಟೆ. ಟ್ರ್ಯಾಕರ್ ಆ ಫೋಲ್ಡರನ್ನೇ ಬಿಟ್ಟುಬಿಡುತ್ತದೆ. 'ಟ್ರ್ಯಾಕರ್3 ರೀಸೆಟ್' ಆದೇಶ ಮೊದಲೇ ಕೊಡಬೇಡಿ, ಸೂಚಿಯನ್ನೆಲ್ಲ ಹೊಸದಾಗಿ ಕಟ್ಟುತ್ತಾ ಫೋನ್ ಇನ್ನಷ್ಟು ಕಾಯುತ್ತದೆ.